ಸಿಯೋಲ್ ಅರಮನೆಗಳ ಇರುಳು ಜನರ ಪಾಲಾದದ್ದು

ಕೊರಿಯಾವನ್ನು 1392ರಿಂದ 1910ರವರೆಗೆ ಆಳಿದ ಜೊಸೊನ್ ರಾಜಮನೆತನ ಸಿಯೋಲ್ ನಗರಕ್ಕೆ ಐದು ಅರಮನೆಗಳನ್ನು ಬಿಟ್ಟುಹೋಗಿದೆ. 1395ರ ಗ್ಯೊಂಗ್‌ಬೊಕ್‌ಗುಂಗ್, 1405ರ ಚಾಂಗ್‌ದೊಕ್‌ಗುಂಗ್, 1483ರ ಚಾಂಗ್‌ಗ್ಯೊಂಗ್‌ಗುಂಗ್ ಅವುಗಳಲ್ಲಿ ಮುಖ್ಯವಾದವು. ಶರತ್ಕಾಲ ಬಂತೆಂದರೆ ಇವನ್ನು ದೀಪದ ಬೆಳಕಿನಲ್ಲಿ ನೋಡಲು ಜನ ಮುಗಿಬೀಳುತ್ತಾರೆ. ಆದರೆ ಈ ರೂಢಿ ತೀರ ಹೊಸದು. ರಾಜರ ಕಾಲದಲ್ಲಿ ಅರಮನೆಯ ಮಾತು ಹಾಗಿರಲಿ, ಕತ್ತಲಾದ ಮೇಲೆ ಊರಿನ ಬೀದಿಯೂ ಜನರದಾಗಿರಲಿಲ್ಲ.

ರಾತ್ರಿ ಸುಮಾರು ಹತ್ತು ಗಂಟೆಗೆ ನಗರದ ನಡುವಿನ ಗಂಟೆಗೋಪುರದಲ್ಲಿ 28 ಬಾರಿ ಗಂಟೆ ಬಾರಿಸುತ್ತಿದ್ದರು. ಕೋಟೆಯ ಬಾಗಿಲುಗಳು ಮುಚ್ಚುತ್ತಿದ್ದವು. ನಸುಕಿನ ನಾಲ್ಕರ ಹೊತ್ತಿಗೆ 33 ಬಾರಿ ಬಾರಿಸಿದ ಮೇಲೆಯೇ ಮತ್ತೆ ತೆರೆಯುತ್ತಿದ್ದವು. 28 ಎಂಬುದು ಚಂದ್ರನ ದಾರಿಯ ನಕ್ಷತ್ರಗಳ ಲೆಕ್ಕ. 33 ಭಾರತದಿಂದ ಬೌದ್ಧಧರ್ಮದ ಜೊತೆ ಅಲ್ಲಿಗೆ ಹೋದ ಲೆಕ್ಕ, ಇಂದ್ರಲೋಕದ ಮೂವತ್ಮೂರು ದೇವತೆಗಳದ್ದು. ಈ ಗಂಟೆಗೆ ಹೊತ್ತು ಗೊತ್ತಾಗುತ್ತಿದ್ದುದು ಅರಮನೆಯೊಳಗಿನಿಂದ. ಸೆಜೊಂಗ್ ದೊರೆಯ ಆಸ್ಥಾನದ ಕುಶಲಕರ್ಮಿ ಜಾಂಗ್ ಯೊಂಗ್‌ಸಿಲ್ 1434ರಲ್ಲಿ ಗ್ಯೊಂಗ್‌ಬೊಕ್‌ಗುಂಗ್‌ನಲ್ಲಿ ಒಂದು ನೀರ್ಗಡಿಯಾರ ಕಟ್ಟಿದ್ದ. ನೀರು ತುಂಬಿದಂತೆ ಗುಂಡುಗಳು ಉರುಳಿ, ಮರದ ಗೊಂಬೆಗಳು ತಾವಾಗಿಯೇ ಗಂಟೆ, ಡೋಲು, ಜಾಗಟೆ ಬಾರಿಸುತ್ತಿದ್ದವು. ಆ ಸದ್ದನ್ನು ಹಿಡಿದು ಕಾವಲುಗಾರರು ಹೊರಗಿನ ಗೋಪುರಕ್ಕೆ ಸುದ್ದಿ ಮುಟ್ಟಿಸುತ್ತಿದ್ದರು. ಊರಿನ ಇರುಳನ್ನು ಅರಮನೆಯೇ ಅಳೆದು ಕೊಡುತ್ತಿತ್ತು. ರಾತ್ರಿ ಸಂಚಾರದ ಈ ನಿರ್ಬಂಧ ತೆಗೆದದ್ದು 1895ರಲ್ಲಿ.

ಅಷ್ಟರಲ್ಲಿ ಅರಮನೆಯ ಕತ್ತಲೆ ಬದಲಾಗಿತ್ತು. 1887ರಲ್ಲಿ ಗೊಜೊಂಗ್ ದೊರೆ ಅಮೆರಿಕದ ಎಡಿಸನ್ ಕಂಪನಿಯ ಯಂತ್ರ ತರಿಸಿ, ಗ್ಯೊಂಗ್‌ಬೊಕ್‌ಗುಂಗ್‌ನ ಹಿಂಭಾಗದಲ್ಲಿದ್ದ ತನ್ನ ನಿವಾಸಕ್ಕೆ ದೀಪ ಹಾಕಿಸಿದ. ಪಕ್ಕದ ಕೊಳದ ನೀರು ಯಂತ್ರಕ್ಕೆ ಬಳಕೆಯಾಯಿತು. ಕೊರಿಯಾದಲ್ಲಿ ವಿದ್ಯುದ್ದೀಪ ಮೊದಲು ಉರಿದದ್ದು ಅಲ್ಲಿಯೇ. ಎಂಟು ವರ್ಷಗಳ ನಂತರ, 1895ರ ಅಕ್ಟೋಬರ್ 8ರ ನಸುಕಿನಲ್ಲಿ, ಅದೇ ನಿವಾಸಕ್ಕೆ ನುಗ್ಗಿದ ಜಪಾನೀಯರು ರಾಣಿಯನ್ನು ಕೊಂದರು. ಮರುವರ್ಷ ದೊರೆ ರಷ್ಯಾದ ರಾಯಭಾರ ಕಚೇರಿಯ ಆಶ್ರಯ ಪಡೆದ. ಗ್ಯೊಂಗ್‌ಬೊಕ್‌ಗುಂಗ್‌ಗೆ ಮತ್ತೆ ವಾಸಕ್ಕೆ ಬರಲಿಲ್ಲ.

ಇರುಳಿನಲ್ಲಿ ಅರಮನೆಯ ಬಾಗಿಲು ಜನಸಾಮಾನ್ಯರಿಗೆ ತೆರೆದ ಕಥೆ ಶುರುವಾಗುವುದು ಚಾಂಗ್‌ಗ್ಯೊಂಗ್‌ಗುಂಗ್‌ನಲ್ಲಿ, ಮತ್ತು ಅದು ಸಂತೋಷದ ಕಥೆಯಲ್ಲ. ಜಪಾನಿನ ಹಿಡಿತ ಬಿಗಿಯಾದಾಗ ಅಲ್ಲಿನ ಎಷ್ಟೋ ಕಟ್ಟಡಗಳನ್ನು ಕೆಡವಿ, 1909ರ ನವೆಂಬರ್ 1ರಂದು ಮೃಗಾಲಯವನ್ನೂ ಸಸ್ಯೋದ್ಯಾನವನ್ನೂ ತೆರೆಯಲಾಯಿತು. ರಾಜನೇ ನೇಗಿಲು ಹಿಡಿದು ಉಳುತ್ತಿದ್ದ ಗದ್ದೆಗಳು ಅಗೆದು ಕೊಳವಾದವು. 1911ರಲ್ಲಿ ಹೆಸರಿನಿಂದಲೂ ಅರಮನೆ ಎಂಬುದನ್ನು ಕಿತ್ತು ‘ಉದ್ಯಾನ’ ಎಂದು ಬದಲಾಯಿಸಿದರು. ಸಾಲುಸಾಲಾಗಿ ಚೆರ್ರಿ ಮರ ನೆಟ್ಟರು. 1924ರಿಂದ ಹೂ ಬಿಡುವ ಕಾಲದಲ್ಲಿ ರಾತ್ರಿಯೂ ಪ್ರವೇಶ ಸಿಕ್ಕಿತು. ದೀಪ, ಹೂವು, ಜನಜಂಗುಳಿ ಎಲ್ಲವೂ ಇದ್ದವು; ಇಲ್ಲದ್ದು ಅರಮನೆಯ ಮರ್ಯಾದೆ ಮಾತ್ರ. ಒಂದು ನಾಡಿನ ಸಿಂಹಾಸನದ ಜಾಗವನ್ನು ವಿಹಾರದ ತಾಣವಾಗಿಸಿ ಆಳಿದವರು ಮಾಡಿದ ಅವಮಾನ ಅದು. ಆದರೂ ಅಲ್ಲಿಗೆ ಹೋದ ಜನರನ್ನು ದೂರುವುದು ಸರಿಯಲ್ಲ. ಸ್ವಾತಂತ್ರ್ಯ ಬಂದ ಮೇಲೂ ಚೆರ್ರಿ ರಾತ್ರಿಗಳು ನಡೆದವು. ಕಡೆಗೆ 1983ರಲ್ಲಿ ಹಳೆಯ ಹೆಸರು ಮರಳಿತು. ಪ್ರಾಣಿಗಳನ್ನು ನಗರದ ಹೊರಗಿನ ಹೊಸ ಮೃಗಾಲಯಕ್ಕೆ ಸಾಗಿಸಿದರು, ಚೆರ್ರಿ ಮರಗಳನ್ನು ತೆಗೆದರು. ಕೊಳ ಮತ್ತು 1909ರ ಗಾಜಿನ ಮನೆ ಉಳಿದವು.

ಗ್ಯೊಂಗ್‌ಬೊಕ್‌ಗುಂಗ್‌ನ ಮುಂದೆ 1926ರಲ್ಲಿ ಎದ್ದ ಜಪಾನಿ ಆಡಳಿತ ಭವನವನ್ನು 1990ರ ದಶಕದ ನಡುವಿನಲ್ಲಿ ಕೆಡವಲಾಯಿತು. ಅರಮನೆಯ ಹೆಬ್ಬಾಗಿಲು ಮೂಲ ಜಾಗದಲ್ಲಿ ಮತ್ತೆ ನಿಂತದ್ದು 2010ರಲ್ಲಿ. ಇರುಳಿನ ಪ್ರವೇಶ ಆರಂಭವಾದದ್ದೂ ಅದೇ ವರ್ಷ. ಹೆಚ್ಚು ಜನ ನಿಲ್ಲುವುದು 48 ಕಲ್ಲುಕಂಬಗಳ ಮೇಲಿನ ಔತಣ ಮಂಟಪ ಗ್ಯೊಂಗ್‌ಹೊಯೆರುವಿನ ಎದುರು. ಹೊರಸಾಲಿನ 24 ಕಂಬ ಚೌಕ, ಒಳಸಾಲಿನ 24 ದುಂಡು. ಗಾಳಿಯಿಲ್ಲದ ರಾತ್ರಿ ಅಷ್ಟೂ ಕೊಳದಲ್ಲಿ ತಲೆಕೆಳಗಾಗಿ ಕಾಣುತ್ತವೆ.

ಚಾಂಗ್‌ದೊಕ್‌ಗುಂಗ್‌ನ ಬೆಳದಿಂಗಳ ನಡಿಗೆಯೂ 2010ರದ್ದೇ. ಕೆಂಪು ನೀಲಿ ಬಟ್ಟೆಯ ಲಾಂದ್ರ ಹಿಡಿದು, ಚಿಕ್ಕ ಗುಂಪುಗಳಾಗಿ, ಮಾರ್ಗದರ್ಶಕರ ಹಿಂದೆ ನಡೆಯಬೇಕು. ಮೊದಲು ಸಿಗುವುದು 1411ರ ಕಲ್ಲುಸೇತುವೆ, ನಗರದಲ್ಲಿ ಉಳಿದಿರುವವುಗಳಲ್ಲೇ ಹಳೆಯದು. ಸಿಂಹಾಸನದ ಸಭಾಂಗಣದ ಅಂಗಳಕ್ಕೆ ಒರಟಾಗಿ ಕೆತ್ತಿದ ಕಲ್ಲುಚಪ್ಪಡಿ ಹಾಸಿದ್ದಾರೆ. ಒಳಗೆ ಕಡೆಯ ದೊರೆ ಸುನ್‌ಜೊಂಗನ ಕಾಲದ ವಿದ್ಯುದ್ದೀಪಗಳು ತೂಗುತ್ತವೆ. ನಕ್‌ಸೊಂಜೆ ಎಂಬ ಬಣ್ಣವಿಲ್ಲದ ಮರದ ಮನೆಯಲ್ಲಿ ರಾಜವಂಶದ ಕೊನೆಯ ಹೆಂಗಸರು 1989ರವರೆಗೆ ಬದುಕಿದ್ದರು. ನಡಿಗೆಯ ಕೊನೆಗೆ ಹಿಂದಿನ ಉದ್ಯಾನದ ಯೊನ್‌ಗ್ಯೊಂಗ್‌ದಾಂಗ್‌ನಲ್ಲಿ ಹಾಡು, ಕುಣಿತ. ಈ ಮನೆ 1828ರಲ್ಲಿ ಯುವರಾಜ ಹ್ಯೊಮ್ಯೊಂಗ್‌ನ ಕಾಲದಲ್ಲಿ ಎದ್ದದ್ದು. ಆಸ್ಥಾನ ನೃತ್ಯಗಳನ್ನು ಸ್ವತಃ ರಚಿಸಿದವನು ಅವನು.

ಚೆರ್ರಿಯ ವಸಂತಕ್ಕಿಂತ ಶರತ್ಕಾಲ ಈ ಅರಮನೆಗಳಿಗೆ ಹೆಚ್ಚು ಒಪ್ಪುತ್ತದೆ. ಗಿಂಕ್ಗೊ ಹಳದಿಯಾಗಿ, ಮೇಪಲ್ ಕೆಂಪಾಗಿ ನಿಲ್ಲುವ ಹೊತ್ತು ಅದು. ಹಿರಿಯರಿಗೆ ಎಡೆಯಿಡುವ ಚುಸೊಕ್ ಹಬ್ಬವೂ ಶರತ್ಕಾಲದ ಹುಣ್ಣಿಮೆಗೇ ಬರುತ್ತದೆ. ಕನ್ನಡ ಪಂಚಾಂಗದಲ್ಲಿ ಅದು ಸಾಮಾನ್ಯವಾಗಿ ಪಿತೃಪಕ್ಷಕ್ಕೆ ಮುಂಚಿನ ಭಾದ್ರಪದ ಹುಣ್ಣಿಮೆ.

ಗ್ಯೊಂಗ್‌ಬೊಕ್‌ಗುಂಗ್‌ನ ರಾತ್ರಿ ಪ್ರವೇಶ ಕೆಲವು ವಾರಗಳಿಗೆ ಸೀಮಿತ, ಟಿಕೆಟ್‌ಗಳಿಗೆ ಮಿತಿಯಿದೆ. ಸಾಂಪ್ರದಾಯಿಕ ಹಾನ್‌ಬೊಕ್ ಉಟ್ಟವರಿಗೆ ಶುಲ್ಕವಿಲ್ಲ. ಬೆಳದಿಂಗಳ ನಡಿಗೆಯ ಸ್ಥಳಗಳೂ ಬೇಗ ತುಂಬಿಹೋಗುತ್ತವೆ. ಟಿಕೆಟ್ ಸಿಗದವರು ನಿರಾಶರಾಗಬೇಕಿಲ್ಲ. 2019ರಿಂದ ಚಾಂಗ್‌ಗ್ಯೊಂಗ್‌ಗುಂಗ್ ಸೋಮವಾರ ಬಿಟ್ಟು ವರ್ಷವಿಡೀ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ.