ರೋಬೋಟ್ ತಾನಾಗಿಯೇ ಆಪರೇಷನ್ ಮಾಡುತ್ತದೆಯೇ?

"ರೋಬೋಟಿಕ್ ಸರ್ಜರಿಯಲ್ಲಿ ಡಾಕ್ಟರೇ ಇರುವುದಿಲ್ಲ, ಎಲ್ಲ ಯಂತ್ರವೇ ಮಾಡುತ್ತದೆ" ಎಂಬ ಮಾತನ್ನು ವಾಟ್ಸಾಪ್‌ನಲ್ಲಿ ನೀವೂ ನೋಡಿರಬಹುದು. ಭಟ್ಕಳ, ಹೊನ್ನಾವರ, ಕುಮಟಾದವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರಿಗೆ ಹೋಗುತ್ತಾರೆ. ಇಂಥ ಮಾತಿಗೆ ಹೆದರಿ ಆಪರೇಷನ್ ಮುಂದೂಡಿದರೆ ತೊಂದರೆ ರೋಗಿಗೇ. ರೋಬೋಟನ್ನು ಯಾರು, ಹೇಗೆ ನಡೆಸುತ್ತಾರೆ ಎಂದು ನೋಡೋಣ.

ಆಪರೇಷನ್ ಥಿಯೇಟರಿನಲ್ಲಿ: ಡಾಕ್ಟರ ಕೈ

ಅಮೆರಿಕದಲ್ಲಿ 2000ದಲ್ಲಿ ಅನುಮತಿ ಪಡೆದ 'ಡಾ ವಿಂಚಿ' ಯಂತ್ರವನ್ನೇ ನೋಡಿ. ಡಾಕ್ಟರು ರೋಗಿಯಿಂದ ಸ್ವಲ್ಪ ದೂರದಲ್ಲಿ ಕನ್ಸೋಲ್ ಮುಂದೆ ಕೂತು ದೇಹದೊಳಗಿನ 3ಡಿ ಚಿತ್ರ ನೋಡುತ್ತಾರೆ. ಬೆರಳು ಆಡಿಸಿದಂತೆ ಒಳಗಿನ ಉಪಕರಣ ಆಡುತ್ತದೆ. ಕ್ಯಾಮೆರಾ ತಿರುಗಿಸಲು ಕಾಲಿನಡಿ ಪೆಡಲ್ ಇದೆ. ಯಂತ್ರವು ಕೈನಡುಕವನ್ನು ಸೋಸಿ, ಚಲನೆಯನ್ನು ಚಿಕ್ಕದಾಗಿಸುತ್ತದೆ. ಡಾಕ್ಟರು ತಲೆ ಹಿಂದೆ ತೆಗೆದರೆ ಉಪಕರಣ ಅಲ್ಲೇ ನಿಲ್ಲುತ್ತದೆ. ಯಾವಾಗ ರಕ್ತಸ್ರಾವವಾದೀತು ಎಂದು ಮೊದಲೇ ಹೇಳಲಾಗದು. ಅದಕ್ಕೇ ಕ್ಷಣಕ್ಷಣವೂ ಮನುಷ್ಯನ ಕೈ ಬೇಕು.

ಚಂದ್ರನ ಮೇಲೆ: ಆಜ್ಞೆ ಕಳಿಸಿ ಕಾಯುವುದು

ಚಂದ್ರಯಾನ-3ರ ಪ್ರಜ್ಞಾನ್ ರೋವರನ್ನು ಬೆಂಗಳೂರಿನಿಂದ ನಡೆಸಲಾಯಿತು. ಸಂಕೇತ ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡು ಬೇಕು. ಹಾಗಾಗಿ ಕಾರು ಓಡಿಸಿದಂತೆ ಓಡಿಸಲಾಗದು. ಚಿತ್ರ ನೋಡಿ, ದಾರಿ ನಿರ್ಧರಿಸಿ, ಆಜ್ಞೆ ಕಳಿಸಬೇಕು. 2023ರ ಆಗಸ್ಟ್ 27ರಂದು 3 ಮೀಟರ್ ಮುಂದೆ 4 ಮೀಟರ್ ಅಗಲದ ಗುಂಡಿ ಕಂಡಾಗ, ಬಂದ ದಾರಿಯಲ್ಲೇ ಹಿಂತಿರುಗುವಂತೆ ರೋವರ್‌ಗೆ ಆಜ್ಞೆ ಹೋಯಿತು.

ಕಡಲಿನೊಳಗೆ: ಕೇಬಲ್

ಮಾವಳ್ಳಿಯ ಮುರ್ಡೇಶ್ವರ ಕಡಲತೀರದ ಮೇಲೆ ಡ್ರೋನ್ ಹಾರಿಸಲು ರಿಮೋಟ್ ಸಾಕು. ಆದರೆ ರೇಡಿಯೋ ತರಂಗ ಉಪ್ಪುನೀರಿನೊಳಗೆ ಹೆಚ್ಚು ದೂರ ಹೋಗುವುದಿಲ್ಲ. ಆದ್ದರಿಂದ ನೀರಿನಡಿ ಕ್ಯಾಮೆರಾ ಹಿಡಿದು ಹುಡುಕುವ ರೋಬೋಟ್‌ಗಳನ್ನು ಸಾಮಾನ್ಯವಾಗಿ ಮೇಲಿನ ದೋಣಿಯಿಂದ ಕೇಬಲ್ ಮೂಲಕ ನಡೆಸುತ್ತಾರೆ.

ಯಾವುದು ಸೂಕ್ತ?

ಮೂರು ಪ್ರಶ್ನೆ ಸಾಕು. ಆಜ್ಞೆ ಮುಟ್ಟಲು ಎಷ್ಟು ಹೊತ್ತು ಬೇಕು? ತಪ್ಪಾದರೆ ನಷ್ಟವೇನು? ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿ? ಜೀವದ ಪ್ರಶ್ನೆ ಇರುವಲ್ಲಿ ಆ ಅಧಿಕಾರ ಮನುಷ್ಯನ ಕೈಯಲ್ಲೇ ಇರಬೇಕು.

ಆಸ್ಪತ್ರೆಯಲ್ಲಿ ಇವನ್ನು ಕೇಳಿ

• ಕನ್ಸೋಲ್‌ನಲ್ಲಿ ಕೂರುವ ಡಾಕ್ಟರು ಯಾರು? ಇಂಥ ಎಷ್ಟು ಆಪರೇಷನ್ ಮಾಡಿದ್ದಾರೆ?
• ಯಂತ್ರ ಮಧ್ಯದಲ್ಲಿ ಕೈಕೊಟ್ಟರೆ ಏನು ಮಾಡುತ್ತೀರಿ?
• ಸಾಮಾನ್ಯ ಲ್ಯಾಪ್ರೊಸ್ಕೋಪಿಯೇ ಸಾಲದೇ? ಖರ್ಚಿನ ವ್ಯತ್ಯಾಸವೆಷ್ಟು?

ನಮ್ಮ ತೀರ್ಮಾನ: "ಡಾಕ್ಟರೇ ಇರುವುದಿಲ್ಲ" ಎಂಬುದು ಸುಳ್ಳು. ಆ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಈ ಪ್ರಶ್ನೆಗಳನ್ನು ಕಳಿಸಿ.