ಬೀಗ ಹಾಕಿದ ಅಕ್ಷರಗಳು

ಪೆಟ್ಟಿಗೆಯನ್ನು ಹಣ ಕೊಟ್ಟು ಕೊಂಡು ತಂದಿದ್ದೀರಿ. ಬೀಗದಕೈ ಮಾತ್ರ ಅಂಗಡಿಯವನ ಬಳಿಯೇ ಉಳಿದಿದೆ. ಏನು ಮಾಡುತ್ತೀರಿ? 1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯ ಎದುರಿಸಿದ್ದು ಇಂಥದೇ ಪ್ರಶ್ನೆಯನ್ನು.

ಅಲ್ಲಿ ಹುಟ್ಟಿದ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಮೊದಮೊದಲು ಹೆಸರು ಗಳಿಸಿದ್ದೇ ಬರವಣಿಗೆಯ ಕೆಲಸದಿಂದ. 1971ರಲ್ಲಿ ಪೇಟೆಂಟ್ ವಿಭಾಗದವರು ತಮ್ಮ ಅರ್ಜಿಗಳನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸಲು ಅದನ್ನು ಬಳಸಿದರು. 1973ರಲ್ಲಿ ಜೋ ಒಸಾನ್ನ ಎಂಬಾತ, ಅಚ್ಚಿಗೆ ಅಕ್ಷರ ಜೋಡಿಸುವ 'ಟಿರಾಫ್' ಎಂಬ ಪ್ರೋಗ್ರಾಂ ಬರೆದ. ಅದು ನಡೆಸುತ್ತಿದ್ದ ಯಂತ್ರದಲ್ಲಿ ಅಕ್ಷರಗಳು ಫಿಲ್ಮಿನ ಪಟ್ಟಿಯ ಮೇಲಿದ್ದವು. ನಾಲ್ಕು ಪಟ್ಟಿ, ಒಂದೊಂದರಲ್ಲಿ 102 ಅಕ್ಷರ, ಅಷ್ಟೇ. ಬೇರೊಂದು ಚಿಹ್ನೆ ಬೇಕೆಂದರೆ ಹೊಸ ಫಿಲ್ಮೇ ಆಗಬೇಕು.

1977ರಲ್ಲಿ ಒಸಾನ್ನ ತೀರಿಕೊಂಡ. ಅವನ ಪ್ರೋಗ್ರಾಂ ಯಾವ ಯಂತ್ರಕ್ಕೂ ಹೊಂದುವಂತೆ ತಿದ್ದುವ ಭಾರ ಬ್ರಯಾನ್ ಕರ್ನಿಗನ್ ಹೆಗಲಿಗೆ ಬಿತ್ತು. 1979ರಲ್ಲಿ ಲೈನೋಟ್ರಾನ್ 202 ಎಂಬ ಹೊಸ ಯಂತ್ರ ಬಂತು. ಅದರಲ್ಲಿ ಫಿಲ್ಮ್ ಇಲ್ಲ. ಅಕ್ಷರಗಳೆಲ್ಲ ಅಂಕಿಗಳ ರೂಪದಲ್ಲಿದ್ದವು. ಆದರೆ ಆ ಅಂಕಿಗಳ ಗುಟ್ಟನ್ನು ತಯಾರಕರಾದ ಮರ್ಗೆಂಥಾಲರ್ ಕಂಪನಿ ಬಿಟ್ಟುಕೊಡಲಿಲ್ಲ.

ಕರ್ನಿಗನ್, ಕೆನ್ ಥಾಂಪ್ಸನ್, ಜೋ ಕಾಂಡನ್ ಮೂವರೂ ಬೇಸಿಗೆಯಿಡೀ ಕುಳಿತು ಆ ಗುಟ್ಟನ್ನು ಬಿಡಿಸಿದರು. ಅದು ನಮ್ಮ ಚುಕ್ಕಿ ರಂಗೋಲಿಯ ಲೆಕ್ಕವೇ! ಅಕ್ಷರದ ಅಂಚಿನ ಬಿಂದುಗಳನ್ನು ಗುರುತಿಸಿ, ಗೆರೆಯೆಳೆದು ಸೇರಿಸಿ, ಒಳಗೆ ತುಂಬುವುದು. ದಾರಿ ತಿಳಿದ ಮೇಲೆ ತಮಗೆ ಬೇಕಾದ ಆಕಾರಗಳನ್ನು ತಾವೇ ಮಾಡಿಕೊಂಡರು. ಚದುರಂಗದ ಕಾಯಿಗಳೂ ಅಕ್ಷರಗಳ ಸಾಲಿಗೆ ಸೇರಿದವು.

1980ರ ಜನವರಿಯಲ್ಲಿ ಅವರು ಬರೆದ ವರದಿಯ ಶೀರ್ಷಿಕೆಯಲ್ಲಿ 'ಬೇಸಿಗೆ ರಜೆಯನ್ನು ನಾವು ಕಳೆದ ಬಗೆ' ಎಂಬ ಅರ್ಥದ ಮಾತೂ ಇದೆ. ಪ್ರತಿ ಜೂನಿನಲ್ಲಿ ನಾನು ಮಕ್ಕಳಿಗೆ ಕೊಡುತ್ತಿದ್ದ ಪ್ರಬಂಧವೇ! ಆದರೆ ಕಂಪನಿಯ ಗುಟ್ಟು ಬಯಲಾದೀತೆಂದು ಮೇಲಿನವರು ಅದನ್ನು ಹೊರಬಿಡಲಿಲ್ಲ. ಬ್ರಿಟನ್ನಿನ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು ಕರ್ನಿಗನ್ ಜೊತೆ ಸೇರಿ ಹಳೆಯ ಪುಟಗಳನ್ನು ಮತ್ತೆ ಕಟ್ಟಿದ ಮೇಲೆ, 2013ರಲ್ಲಿ ಅದು ಲೋಕದ ಕಣ್ಣಿಗೆ ಬಿತ್ತು.

ಈ ಕಷ್ಟ ಕನ್ನಡಕ್ಕೂ ಹೊಸದಲ್ಲ. 1990ರ ದಶಕದಲ್ಲಿ ಒಂದೊಂದು ಕನ್ನಡ ತಂತ್ರಾಂಶಕ್ಕೆ ಒಂದೊಂದು ಸಂಕೇತ. ಒಂದರಲ್ಲಿ ಟೈಪು ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಾಗದ ಗೀಚು. ಯುನಿಕೋಡ್ ಬಳಕೆಗೆ ಬಂದ ಮೇಲೆಯೇ ಆ ಬೀಗ ಸಡಿಲವಾದದ್ದು. ಅಕ್ಷರ ಕಲಿಸುವುದನ್ನೇ ಬಾಳ ಕಸುಬಾಗಿ ಮಾಡಿಕೊಂಡ ನನಗೆ ಅನ್ನಿಸುವುದಿಷ್ಟೆ: ತಿದ್ದಿ ಕಲಿತ ಅಕ್ಷರ ತಿದ್ದಿದವರದೇ ಆಗಿರಬೇಕು.