ರಂಜಕ ಕರಗಿಸುವ ಬ್ಯಾಕ್ಟೀರಿಯಾ

ರಂಜಕ ಕರಗಿಸುವ ಬ್ಯಾಕ್ಟೀರಿಯಾ: ಮಣ್ಣಿನಲ್ಲಿ ಕರಗದ ರೂಪದಲ್ಲಿರುವ ರಂಜಕವನ್ನು ಬೇರುಗಳು ಹೀರಬಲ್ಲ ಫಾಸ್ಫೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು. ಕೃಷಿ ಬಳಕೆಯಲ್ಲಿ ಪಿಎಸ್‌ಬಿ ಎಂದೇ ಪರಿಚಿತ. ಇದು ಒಂದು ಕುಲದ ಹೆಸರಲ್ಲ. ಬ್ಯಾಸಿಲಸ್, ಸ್ಯೂಡೋಮೊನಾಸ್, ಬರ್ಕ್‌ಹೋಲ್ಡೇರಿಯ, ಎಂಟರೋಬ್ಯಾಕ್ಟರ್ ಮೊದಲಾದ ಕುಲಗಳ ಹಲವು ತಳಿಗಳಿಗೆ ಈ ಗುಣವಿದೆ. ಆಸ್ಪರ್ಜಿಲಸ್, ಪೆನಿಸಿಲಿಯಂನಂಥ ಶಿಲೀಂಧ್ರಗಳೂ ಇದೇ ಕೆಲಸ ಮಾಡುತ್ತವೆ. ಇನ್ನೊಂದು ಕೃಷಿ ಬ್ಯಾಕ್ಟೀರಿಯಾ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಹೊಸದಾಗಿ ಸೇರಿಸುತ್ತದೆ. ಆದರೆ ಪಿಎಸ್‌ಬಿ ಹೊಸ ರಂಜಕವನ್ನೇನೂ ತರುವುದಿಲ್ಲ. ಮಣ್ಣಿನಲ್ಲಿ ಈಗಾಗಲೇ ಇರುವುದನ್ನು ಬಿಡಿಸಿಕೊಡುತ್ತದೆ. ಇದರ ಉಪಯೋಗಕ್ಕೂ ಮಿತಿಗೂ ಮೂಲ ಇಲ್ಲಿದೆ.

ಮಣ್ಣಿನಲ್ಲಿ ರಂಜಕ

ಡಿಎನ್‌ಎ, ಜೀವಕೋಶದ ಪೊರೆ, ಶಕ್ತಿಯನ್ನು ಸಾಗಿಸುವ ಎಟಿಪಿ ಅಣು ಇವೆಲ್ಲಕ್ಕೂ ರಂಜಕ ಬೇಕು. ಅದು ಸಾಲದಾದಾಗ ಬೇರು ಸೊರಗುತ್ತದೆ, ಎಳೆಯ ಮೆಕ್ಕೆಜೋಳದ ಎಲೆಗಳು ಅಂಚಿನಿಂದ ನೇರಳೆ ಬಣ್ಣಕ್ಕೆ ತಿರುಗುತ್ತವೆ. ಸಾಮಾನ್ಯವಾಗಿ 1 ಕಿಲೋ ಮಣ್ಣಿನಲ್ಲಿ 400ರಿಂದ 1,200 ಮಿಲಿಗ್ರಾಂ ರಂಜಕವಿರುತ್ತದೆ. ಆದರೆ ಯಾವುದೇ ಒಂದು ಹೊತ್ತಿನಲ್ಲಿ ನೀರಿನಲ್ಲಿ ಕರಗಿರುವುದು 1 ಮಿಲಿಗ್ರಾಂಗಿಂತಲೂ ಕಡಿಮೆ. ಸುಣ್ಣದಂಶ ಹೆಚ್ಚಿರುವ ಎರೆ ಭೂಮಿಯಲ್ಲಿ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ. ಹುಳಿಯಾದ ಕೆಂಪು ಮಣ್ಣು ಮತ್ತು ಜಂಬಿಟ್ಟಿಗೆ ಮಣ್ಣಿನಲ್ಲಿ ಅದನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಡುತ್ತವೆ. ಡಿಎಪಿ, ಸೂಪರ್ ಫಾಸ್ಫೇಟ್ ಹಾಕಿದರೂ ಅದರ ರಂಜಕದಲ್ಲಿ ಹೆಚ್ಚಿನ ಪಾಲು ಆ ವರ್ಷದ ಬೆಳೆಗೆ ದಕ್ಕದೆ ಹೀಗೆಯೇ ಕಟ್ಟಿಹೋಗುತ್ತದೆ. ಉಳಿದ ರಂಜಕದ ದೊಡ್ಡ ಭಾಗ ಸಾವಯವ ರೂಪದ್ದು, ಅದರಲ್ಲೂ ಬೀಜಗಳಿಂದ ಬರುವ ಫೈಟೇಟ್. ಅದನ್ನು ಸಸ್ಯಗಳು ಹಾಗೆಯೇ ಹೀರಲಾರವು.

ಕರಗಿಸುವ ಬಗೆ

ಬ್ಯಾಕ್ಟೀರಿಯಾಗಳ ಮುಖ್ಯ ಸಾಧನ ಸಾವಯವ ಆಮ್ಲ. ಬೇರು ಸ್ರವಿಸುವ ಸಕ್ಕರೆಯನ್ನು ಬಳಸಿಕೊಂಡು ಅವು ಗ್ಲುಕೋನಿಕ್, ಸಿಟ್ರಿಕ್, ಆಕ್ಸಾಲಿಕ್, ಲ್ಯಾಕ್ಟಿಕ್ ಆಮ್ಲಗಳನ್ನು ಹೊರಬಿಡುತ್ತವೆ. ಆಮ್ಲದಿಂದ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಸುತ್ತಲಿನ ರಸಸಾರ ಇಳಿದು ಕ್ಯಾಲ್ಸಿಯಂ ಫಾಸ್ಫೇಟ್ ಕರಗುತ್ತದೆ. ಜೊತೆಗೆ ಆಮ್ಲದ ಋಣ ಅಯಾನು ಕ್ಯಾಲ್ಸಿಯಂ, ಕಬ್ಬಿಣ, ಅಲ್ಯೂಮಿನಿಯಂಗಳನ್ನು ತಾನೇ ಹಿಡಿದುಕೊಂಡು ಫಾಸ್ಫೇಟನ್ನು ಬಿಡುಗಡೆ ಮಾಡುತ್ತದೆ. ಅಮೋನಿಯಂ ಹೀರಿಕೊಳ್ಳುವಾಗ ಹೊರಬೀಳುವ ಹೈಡ್ರೋಜನ್ ಅಯಾನುಗಳೂ ಮಣ್ಣನ್ನು ಹುಳಿಯಾಗಿಸುತ್ತವೆ.

ಇವುಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಗ್ಲುಕೋನಿಕ್ ಆಮ್ಲ. ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಗ್ಲುಕೋಸನ್ನು ಕೋಶದ ಒಳಕ್ಕೆ ಎಳೆದುಕೊಳ್ಳದೆ, ಒಳಪೊರೆಯ ಹೊರಮೈಯಲ್ಲೇ ಗ್ಲುಕೋಸ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದಿಂದ ಆಮ್ಲವಾಗಿಸುತ್ತವೆ. ಆದ್ದರಿಂದ ಆಮ್ಲ ಸುಲಭವಾಗಿ ಮಣ್ಣಿಗೆ ಸೇರುತ್ತದೆ. ಕಿಣ್ವ ಕೆಲಸ ಮಾಡಲು ಪಿಕ್ಯೂಕ್ಯೂ ಎಂಬ ಸಹಾಯಕ ಅಣು ಬೇಕು. 1987ರಲ್ಲಿ ಸಂಶೋಧಕರಾದ ಗೋಲ್ಡ್‌ಸ್ಟೈನ್ ಮತ್ತು ಲಿಯು ಎರ್ವಿನಿಯ ಬ್ಯಾಕ್ಟೀರಿಯಾದ ಒಂದು ಡಿಎನ್‌ಎ ತುಣುಕನ್ನು ಇ. ಕೋಲೈಗೆ ಸೇರಿಸಿದಾಗ, ಅಲ್ಲಿಯವರೆಗೆ ಫಾಸ್ಫೇಟ್ ಕರಗಿಸದಿದ್ದ ಆ ತಳಿ ಕರಗಿಸತೊಡಗಿತು. ಇ. ಕೋಲೈಯಲ್ಲಿ ಕಿಣ್ವ ಮೊದಲೇ ಇತ್ತು, ಇಲ್ಲದ್ದು ಪಿಕ್ಯೂಕ್ಯೂ. ಅದರ ತಯಾರಿಕೆಗೆ ಬೇಕಾದ ಜೀನ್ ಆ ತುಣುಕಿನಲ್ಲಿತ್ತೆಂದು ಮುಂದಿನ ಸಂಶೋಧನೆ ತೋರಿಸಿತು.

ಸಾವಯವ ರಂಜಕದ ವಿಷಯದಲ್ಲಿ ಆಮ್ಲಕ್ಕಿಂತ ಕಿಣ್ವಗಳೇ ಮುಖ್ಯ. ಫಾಸ್ಫಟೇಸ್ ಮತ್ತು ಫೈಟೇಸ್‌ಗಳು ಸಾವಯವ ಅಣುವಿನಿಂದ ಫಾಸ್ಫೇಟನ್ನು ಕತ್ತರಿಸಿ ಬಿಡಿಸುತ್ತವೆ. ಬಿಡುಗಡೆಯಾದ ರಂಜಕ ನೇರವಾಗಿ ಬೇರಿಗೇ ಹೋಗುವುದಿಲ್ಲ. ಮೊದಲು ಬ್ಯಾಕ್ಟೀರಿಯಾಗಳು ತಮ್ಮ ಅಗತ್ಯಕ್ಕೆ ಹೀರಿಕೊಳ್ಳುತ್ತವೆ. ಅವು ಸತ್ತಾಗ, ಇಲ್ಲವೇ ಪ್ರೋಟೋಜೋವಗಳು ಅವುಗಳನ್ನು ತಿಂದಾಗ, ಅದು ಮತ್ತೆ ಮಣ್ಣಿಗೆ ಬರುತ್ತದೆ.

ಪತ್ತೆ ಮತ್ತು ಇತಿಹಾಸ

1948ರಲ್ಲಿ ರಷ್ಯದ ಪಿಕೋವ್‌ಸ್ಕಾಯ ರೂಪಿಸಿದ ಪೋಷಕ ಮಾಧ್ಯಮ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಕರಗದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೆರೆತಿರುವುದರಿಂದ ತಟ್ಟೆಯ ಅಗರ್ ಬೆಳ್ಳಗೆ ಮಸುಕಾಗಿರುತ್ತದೆ. ಮಣ್ಣಿನ ತಿಳಿಯನ್ನು ಹರಡಿ ಕೆಲವು ದಿನ ಬಿಟ್ಟರೆ, ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳ ಗುಂಪಿನ ಸುತ್ತ ಪಾರದರ್ಶಕವಾದ ಬಳೆ ಮೂಡುತ್ತದೆ. ಅದೇ ವರ್ಷ ಗೆರೆಟ್‌ಸನ್ ಎಂಬ ವಿಜ್ಞಾನಿ, ಬೇರಿನ ಬಳಿ ಸೂಕ್ಷ್ಮಜೀವಿಗಳಿದ್ದಾಗ ಸಸ್ಯಗಳು ಹೆಚ್ಚು ರಂಜಕ ಪಡೆಯುವುದನ್ನು ತೋರಿಸಿದರು. ಸೋವಿಯತ್ ಒಕ್ಕೂಟದಲ್ಲಿ ಬ್ಯಾಸಿಲಸ್ ಮೆಗಟೀರಿಯಂನಿಂದ ತಯಾರಿಸಿದ ಫಾಸ್ಫೋಬ್ಯಾಕ್ಟೆರಿನ್ ಎಂಬ ಜೈವಿಕ ಗೊಬ್ಬರ ವ್ಯಾಪಕವಾಗಿ ಬಳಕೆಗೆ ಬಂತು. ಆದರೆ 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ ಅದರ ಲಾಭ ದೃಢಪಡಲಿಲ್ಲ.

ಬಳಕೆ

ಭಾರತದಲ್ಲಿ ಪಿಎಸ್‌ಬಿ 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಯಲ್ಲಿದೆ. ಪುಡಿಯ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವದ ಪ್ರತಿ ಮಿಲಿಲೀಟರಿನಲ್ಲಿ 10 ಕೋಟಿ ಜೀವಂತ ಕೋಶಗಳಿರಬೇಕು. ಬೀಜೋಪಚಾರಕ್ಕೆ ಬೆಲ್ಲದ ಅಂಟು ನೀರಿನಲ್ಲಿ ಪುಡಿಯನ್ನು ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತುತ್ತಾರೆ. ನಾಟಿ ಬೆಳೆಗಳಲ್ಲಿ ಸಸಿಯ ಬೇರನ್ನು ಅದ್ದುವುದೂ, ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹೊಲಕ್ಕೆ ಹಾಕುವುದೂ ಉಂಟು. ಬಿಸಿಲಿಗೆ ಇಟ್ಟ ಪೊಟ್ಟಣದಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ. ಶಿಲೀಂಧ್ರನಾಶಕ, ರಸಗೊಬ್ಬರಗಳ ಜೊತೆ ಇದನ್ನು ನೇರವಾಗಿ ಬೆರೆಸಬಾರದು.

ಮಿತಿಗಳು

ತಟ್ಟೆಯಲ್ಲಿ ದೊಡ್ಡ ಬಳೆ ಮೂಡಿಸಿದ ತಳಿ ಹೊಲದಲ್ಲಿ ಗೆಲ್ಲುತ್ತದೆಂಬ ಖಾತರಿಯಿಲ್ಲ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಸುಲಭವಾಗಿ ಕರಗುವಂಥದ್ದು; ಕಬ್ಬಿಣದ ಫಾಸ್ಫೇಟ್ ಅಷ್ಟು ಸುಲಭವಲ್ಲ. ಸುಣ್ಣದಂಶವಿರುವ ಮಣ್ಣು ಬ್ಯಾಕ್ಟೀರಿಯಾ ಬಿಟ್ಟ ಆಮ್ಲವನ್ನು ಬೇಗನೆ ತಟಸ್ಥಗೊಳಿಸುತ್ತದೆ. ಹೊರಗಿನಿಂದ ಬಂದ ತಳಿ ಸ್ಥಳೀಯ ಸೂಕ್ಷ್ಮಜೀವಿಗಳ ಪೈಪೋಟಿಯಲ್ಲಿ ಉಳಿಯಬೇಕು, ಅದಕ್ಕೆ ಬೇಕಾದ ಇಂಗಾಲದ ಆಹಾರವೂ ಮಣ್ಣಿನಲ್ಲಿರಬೇಕು. ಹೀಗಾಗಿ ಸಾವಯವ ಅಂಶ ಚೆನ್ನಾಗಿರುವ, ಹಿಂದೆ ಹಾಕಿದ ಗೊಬ್ಬರದ ರಂಜಕ ಕಟ್ಟಿಕೊಂಡಿರುವ ಹೊಲಗಳಲ್ಲಿ ಇದರಿಂದ ಫಲ ನಿರೀಕ್ಷಿಸಬಹುದು. ಒಟ್ಟು ರಂಜಕವೇ ಕಡಿಮೆಯಿರುವ ಮಣ್ಣಿಗೆ ಶಿಲಾರಂಜಕವನ್ನೋ ಕೊಟ್ಟಿಗೆ ಗೊಬ್ಬರವನ್ನೋ ಜೊತೆಗೆ ಕೊಡಲೇಬೇಕು.